ಪಾದ ಮುಚ್ಚುವ ಸೀರೆ, ನೂರು ಗಜದ ಓಟ

ನನ್ನ ಕೈಬರಹ ಚೆನ್ನಾಗಿದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಮಂಡ್ಯದಲ್ಲಿ ಯಾವ ಕಮಿಟಿ ಹುಟ್ಟಿದರೂ ಅದಕ್ಕೆ ನಾನೇ ಸೆಕ್ರೆಟರಿ. ಭಜನೆ ಕಮಿಟಿ, ವಾಚನಾಲಯದ ಕಮಿಟಿ, ಚರಂಡಿ ಕಮಿಟಿ (ಇದು ಎರಡು ಸಲ ಸೇರಿತು, ಚರಂಡಿ ಇದ್ದ ಹಾಗೇ ಇದೆ). ನನ್ನನ್ನು ಕರೆಯುವುದು ಅಭಿಪ್ರಾಯ ಕೇಳುವುದಕ್ಕಲ್ಲ, ಬರೆಸುವುದಕ್ಕೆ. ಹೀಗೆ ಈ ಸಲ ಆಟೋಟದ ಕಮಿಟಿಯಲ್ಲೂ ನಾನಿದ್ದೆ. ಹೆಣ್ಣುಮಕ್ಕಳು ಏನು ಉಟ್ಟು ಓಡಬೇಕು ಎಂಬ ನಿಯಮ ಬರೆದವನೂ ನಾನೇ. ಆ ನಿಯಮದ ದೆಸೆಯಿಂದ ಹೋದ ಭಾನುವಾರ ಕೊಪ್ಪದ ಒಬ್ಬ ಹುಡುಗಿ ಸೋತಳು. ಇದನ್ನು ಈ ಭಾನುವಾರದ ಅಂಕಣದಲ್ಲಿ ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ. (ಒಪ್ಪಿಕೊಂಡು ಸುಮ್ಮನಾಗುತ್ತೇನೆ ಅಂದುಕೊಳ್ಳಬೇಡಿ.)

ವಿಷಯ ಇಷ್ಟು. ಬೆಂಗಳೂರಿನಲ್ಲಿ ಹುಡುಗಿಯರಿಗೆ ಡ್ರಿಲ್ ಟ್ರೈನಿಂಗ್ ಕೊಡುತ್ತಾರಂತೆ. ಊಟ, ವಸತಿ ಅವರದೇ. ಒಂದು ವರ್ಷ ಕಲಿತು ಬಂದರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಡ್ರಿಲ್ ಮೇಡಂ ಕೆಲಸ. ಓಡುವುದು, ಓಡಿಸುವುದು, ಅದಕ್ಕೊಂದು ಸಂಬಳ. ಹೆಣ್ಣಿಗೆ ಆಟವೇ ಉದ್ಯೋಗ ಎಂಬುದನ್ನು ನಮ್ಮ ಕಡೆ ಯಾರು ಕೇಳಿದ್ದರು? ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕಿಂದ ಸೇರಿ ಒಂದು ಹೆಸರು ಕಳಿಸಿ ಎಂದು ಕಾಗದ ಬಂತು. ನೂರು ಗಜ ಓಡಿಸೋಣ, ಗೆದ್ದವಳ ಹೆಸರು ಕಳಿಸೋಣ ಎಂದು ಕಮಿಟಿ ತೀರ್ಮಾನ ಮಾಡಿತು. ಅಷ್ಟಕ್ಕೇ ಎದ್ದು ಮನೆಗೆ ಹೋಗಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಏಳಲಿಲ್ಲ. ಅಧ್ಯಕ್ಷರಾದ ವಕೀಲರು ಗಂಟಲು ಸರಿಮಾಡಿಕೊಂಡು ಕೇಳಿದರು, “ಅದು ಸರಿ, ಏನು ಹಾಕಿಕೊಂಡು ಓಡುತ್ತಾರೆ?”

ಎರಡು ಗಂಟೆ ಹೋಯಿತು, ಸ್ವಾಮಿ! ಐದು ಜನ ಗಂಡಸರು, ಎರಡು ಗಂಟೆ, ಹೆಣ್ಣುಮಕ್ಕಳ ಬಟ್ಟೆ. ಲಂಗ ಹಾರುತ್ತದೆ ಎಂದರು ಒಬ್ಬರು. ಷರಾಯಿ ನಮ್ಮ ಪದ್ಧತಿ ಅಲ್ಲ ಎಂದರು ಇನ್ನೊಬ್ಬರು. ಮೂರನೆಯವರು ಬೆಂಗಳೂರಿನಲ್ಲಿ ಫ್ರಾಕ್ ತೊಟ್ಟ ಹುಡುಗಿಯರು ಟೆನಿಸ್ ಆಡುವುದನ್ನು ನೋಡಿ ಬಂದಿದ್ದರು. ಛೆ ಛೆ, ನೋಡುವ ಹಾಗಿರಲಿಲ್ಲ ಎಂದರು. ನೋಡುವ ಹಾಗಿಲ್ಲದ್ದನ್ನು ಕಾಲರಿನಿಂದ ಕಾಲುಚೀಲದವರೆಗೆ ಬಿಡಿಸಿ ಬಿಡಿಸಿ ಹೇಳಿದರು. (ಅದೆಷ್ಟು ಹೊತ್ತು ನಿಂತು ನೋಡಿದ್ದರೋ!)

ನಮ್ಮ ಗರಡಿಯ ಪೈಲ್ವಾನರು ಅಂಗೈಯಗಲದ ಲಂಗೋಟಿ ಕಟ್ಟಿಕೊಂಡು ಊರೆಲ್ಲ ನೋಡುವಂತೆ ಕುಸ್ತಿ ಆಡುತ್ತಾರೆ. ಅವರ ಬಟ್ಟೆ ಬಗ್ಗೆ ಎಂದಾದರೂ ಕಮಿಟಿ ಕೂತದ್ದುಂಟೇ? ಈ ಪ್ರಶ್ನೆ ಆವತ್ತೇ ನನ್ನ ತಲೆಗೆ ಬರಬೇಕಿತ್ತು. ಬರಲಿಲ್ಲ. ಕೊನೆಗೆ ವಕೀಲರು ಹೇಳಿದರು, ನಾನು ಬರೆದೆ: “ಓಟದಲ್ಲಿ ಭಾಗವಹಿಸುವ ಹೆಣ್ಣುಮಕ್ಕಳು ಪಾದ ಮುಚ್ಚುವಂತೆ ಸೀರೆ ಉಟ್ಟು ಮರ್ಯಾದೆಯಿಂದ ಓಡತಕ್ಕದ್ದು.” ಮರ್ಯಾದೆಯಿಂದ ಓಡುವುದು ಹೇಗೆ ಅಂತ ಯಾರೂ ಕೇಳಲಿಲ್ಲ.

ಮನೆಯಲ್ಲಿ ನನ್ನಾಕೆ ಅಕ್ಕಿ ಆರಿಸುತ್ತ ಕೂತಿದ್ದಳು. ಹೆಮ್ಮೆಯಿಂದ ಓದಿ ಹೇಳಿದೆ.

“ಅಲ್ಲಾ ರೀ, ಒಂದು ಸಲ ನೀವು ಸೀರೆ ಉಟ್ಟುಕೊಂಡು ನೀರು ಸೇದಿಕೊಂಡು ಬನ್ನಿ. ಆಮೇಲೆ ಓಟದ ಮಾತಾಡಿ,” ಅಂದಳು.

ಹೆಂಗಸರಿಗೆ ಕಮಿಟಿ ವ್ಯವಹಾರ ಎಲ್ಲಿ ಅರ್ಥವಾಗಬೇಕು ಎಂದು ನಕ್ಕುಬಿಟ್ಟೆ.

ಓಟಕ್ಕೆ ಏಳು ಹುಡುಗಿಯರು ಹೆಸರು ಕೊಟ್ಟಿದ್ದರು. ನಿಯಮ ಹೊರಬಿದ್ದ ಮೇಲೆ ಮಳವಳ್ಳಿಯ ನಾಲ್ವರು “ಸೀರೆ ಇಲ್ಲ” ಎಂದು ಹೆಸರು ವಾಪಸು ತೆಗೆದುಕೊಂಡರು. ನೆಪ ಎಂದುಕೊಂಡೆ. ಸೀರೆ ಇಲ್ಲದ ಮನೆ ಯಾವುದಿದೆ? ಐದನೆಯವಳು ನಮ್ಮ ಪೇಟೆಬೀದಿಯ ಟೈಲರ್ ಸಾಬರ ಮಗಳು. ಹಿಮ್ಮಡಿವರೆಗೂ ಷರಾಯಿ, ಮೇಲೆ ಉದ್ದ ತೋಳಿನ ಅಂಗಿ. ಕಮಿಟಿಯ ಐದೂ ಜನ ಹೊದಿಕೆ ಹೊದ್ದು ಕೂತರೂ ಅಷ್ಟು ಮೈ ಮುಚ್ಚುತ್ತಿರಲಿಲ್ಲ. ಆದರೆ ನಿಯಮದಲ್ಲಿ ಸೀರೆ ಎಂದಿದೆಯಲ್ಲ! ಅವಳ ಅರ್ಜಿಯನ್ನು ನಾನೇ ಹಿಂದಕ್ಕೆ ಕಳಿಸಿದೆ. ಉಳಿದವರು ಇಬ್ಬರು.

ಒಬ್ಬಳು ವಕೀಲರ ಮಗಳು ಸರಸು. ಇನ್ನೊಬ್ಬಳು ಕೊಪ್ಪದ ನಿಂಗಿ. ಹದಿನಾರು ವರ್ಷ, ಕಬ್ಬು ಕಡಿಯುವ ಕೂಲಿಯವನ ಮಗಳು, ಮಿಡಲ್ ಸ್ಕೂಲ್ ಪಾಸು. ಅವಳ ಮೇಷ್ಟ್ರು, ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದರು. ಬಸ್ಸು ಎರಡು ಕಡೆ ನಿಂತು, ಜನ ಇಳಿದು ತಳ್ಳಿ, ಇಬ್ಬರ ಮುಖಕ್ಕೂ ಮಸಿ ಹತ್ತಿತ್ತು. “ಊರಲ್ಲಿ ಲಂಗ ತೊಟ್ಟುಕೊಂಡು ಓಡಿದರೆ ಗಂಡುಹುಡುಗರೂ ಇವಳ ಹಿಂದೆಯೇ, ಸೆಕ್ರೆಟರಿಗಳೇ. ಈ ಟ್ರೈನಿಂಗ್ ಸಿಗಲಿಲ್ಲ ಅಂದರೆ ಯುಗಾದಿ ಕಳೆದ ಮೇಲೆ ಮದುವೆ. ಸೋದರಮಾವ ಕಾದು ಕೂತವನೆ,” ಅಂದರು ಮೇಷ್ಟ್ರು. ಸೋದರಮಾವನನ್ನು ಕಂಡೂ ಇದ್ದರಂತೆ. ನಲವತ್ತು ದಾಟಿದೆ, ಎರಡನೇ ಸಂಬಂಧ.

ಸೀಟಿ ಊದಿದರು. ನಿಂಗಿ ಎರಡು ಕೈಯಲ್ಲೂ ನೆರಿಗೆ ಹಿಡಿದುಕೊಂಡು ಓಡಿದಳು. ಕೈ ಬೀಸದೆ ಓಡುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಇವತ್ತೇ ನಿಮ್ಮ ಅಂಗಳದಲ್ಲಿ ಓಡಿ ನೋಡಿ. ಹಾಗಿದ್ದೂ ಅರ್ಧ ದೂರಕ್ಕೆ ಸರಸುವಿಗಿಂತ ನಾಲ್ಕು ಮಾರು ಮುಂದಿದ್ದಳು. ನಾವೆಲ್ಲ ಎದ್ದು ನಿಂತೆವು. ಅಷ್ಟರಲ್ಲಿ ಕಾಲ ಹೆಬ್ಬೆರಳಿಗೆ ಅಂಚು ಸಿಕ್ಕಿತು. ಪರ್ ಎಂದು ಹರಿದ ಸದ್ದು ನನಗೂ ಕೇಳಿಸಿತು. ಹುಡುಗಿ ಬೀಳಲಿಲ್ಲ. ನಿಂತಳು. ಬಗ್ಗಿ ಸೀರೆ ನೋಡಿದಳು. ಸರಸು ಪಕ್ಕದಲ್ಲೇ ದಾಟಿ ಹೋದಳು. ನಿಂಗಿ ಉಳಿದ ದೂರವನ್ನು ನಿಧಾನವಾಗಿ, ಸಂತೆಯಿಂದ ಬರುವವಳ ಹಾಗೆ, ನಡೆದುಕೊಂಡು ಬಂದಳು.

ಜನ ನಕ್ಕರು. ನಾನೂ ನಕ್ಕೆ. “ಹಳ್ಳಿ ಹುಡುಗಿ, ಜನ ನೋಡಿ ಹೆದರಿಬಿಟ್ಟಳು,” ಎಂದು ಪಕ್ಕದವರಿಗೆ ಹೇಳಿದೆ. ಎಷ್ಟು ಗ್ಯಾರಂಟಿಯಿಂದ ಹೇಳಿದೆ ಅಂತೀರಿ! ಮೇಷ್ಟ್ರು ನನ್ನ ಮುಖ ನೋಡಿದರು.

ಸರಸುವಿಗೆ ಬಹುಮಾನದ ಕಪ್ಪು ಕೊಟ್ಟಾಯಿತು. ಬೆಂಗಳೂರಿಗೆ ಅವಳ ಹೆಸರು ಬರೆಯಲು ಕೂತರೆ ವಕೀಲರು ಕೈ ಅಡ್ಡ ಹಿಡಿದರು. “ಏನು ತಮಾಷೆ ಮಾಡ್ತೀರಾ? ನಮ್ಮ ಮನೆ ಹುಡುಗಿ ಡ್ರಿಲ್ ಮೇಡಂ ಆಗೋದಾ? ಕಪ್ಪಿಗೆ ಓಡಿದಳು, ಮುಗೀತು.” ಹಾಗಾದರೆ ನಿಂಗಿಯ ಹೆಸರು ಕಳಿಸೋಣ ಎಂದೆ. ಗೆದ್ದವಳ ಹೆಸರು ಎಂದು ತೀರ್ಮಾನವಾಗಿದೆ, ಸೋತವಳನ್ನು ಕಳಿಸಿದರೆ ಕಮಿಟಿ ಮರ್ಯಾದೆ ಏನಾಗಬೇಕು ಎಂದರು. ಶುಕ್ರವಾರ ಸಂಜೆ ಕೂತು ಮಾತಾಡೋಣ ಎಂದು ಎದ್ದರು.

ಕೂರುವ ಮುಂಚೆ ನಿಂಗಿಯ ಮನೆಯವರು ಒಪ್ಪುತ್ತಾರೋ ಇಲ್ಲವೋ ಕೇಳಬೇಕಲ್ಲ? ಗುರುವಾರ ನಾನೇ ಕೊಪ್ಪಕ್ಕೆ ಹೋದೆ. ಮೇಷ್ಟ್ರು ಮನೆ ತೋರಿಸಿದರು. ಅಪ್ಪ ಕೂಲಿಗೆ ಹೋಗಿದ್ದ. ನಿಂಗಿ ಲಂಗ ರವಿಕೆಯಲ್ಲಿ ಹೊರಗೆ ಬಂದು ಚಾಪೆ ಹಾಸಿದಳು. ಅವಳ ತಾಯಿ ಬರಲಿಲ್ಲ, ಬಾಗಿಲ ಹಿಂದೆ ನಿಂತು ಮಾತಾಡಿಸಿದಳು. ಎರಡು ಬಳೆ, ಒಂದು ಕೈ, ಅಷ್ಟೇ ಕಾಣುತ್ತಿತ್ತು. ನೋಡಿ, ನನ್ನ ಬುದ್ಧಿ ಎಂಥದ್ದು! ಮೇಷ್ಟ್ರ ಕಡೆ ತಿರುಗಿ, “ಎಂಥ ಮರ್ಯಾದಸ್ಥ ಹೆಂಗಸು. ಈ ನಾಚಿಕೆ ಪಟ್ಟಣದಲ್ಲಿ ಎಲ್ಲಿದೆ?” ಅಂದೆ.

ಬಾಗಿಲ ಹಿಂದಿನಿಂದ ನಗು ಕೇಳಿಸಿತು.

“ನಾಚ್ಕೆ ಎಲ್ಲಿಂದ ಬಂತು ಬುದ್ದಿ, ಉಡಾಕಿಲ್ಲ. ಇರಾದು ಒಂದೇ ಸರಿಯಾಗಿರೋ ಸೀರೆ. ಅದ ಸೂಜೀಲಿ ಒಲ್ದು, ಒಗ್ದು, ಇತ್ಲಲ್ಲಿ ಒಣಗಾಕಿವ್ನಿ. ಗೇಯೋ ಸೀರೆ ಎಲ್ಲೆಲ್ಲೋ ಅರ್ದೋಗದೆ. ಗದ್ದೇಲಾದ್ರೆ ಸರಿ, ಅದ ಉಟ್ಕಂಡು ದೊಡ್ಡೋರ ಮುಂದೆ ಬರಾಕಾದದಾ?”

ನಾನು ಚಾಪೆಯ ಅಂಚು ಸರಿಮಾಡಿದೆ.

“ಅವತ್ತು ಓಟ ನೋಡಾಕೂ ನಾನ್ ಬರ್ನಿಲ್ಲ. ನಮ್ ಮಗೀನೆ ಆ ಸೀರೆ ಉಟ್ಕಂಡೋಗಿದ್ಲಲ್ಲ, ನಾನೇನ್ ಉಟ್ಕಂಡ್ ಬರ್ಲಿ?”

ಯುದ್ಧ ಮುಗಿಯಿತು, ಬಟ್ಟೆಯನ್ನು ರೇಷನ್ನಿಗೆ ಹಾಕಿದ ಕಂಟ್ರೋಲ್ ಮುಗಿಯಲಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಕಾರ್ಡು ಹಿಡಿದು ಬಟ್ಟೆ ಡಿಪೋ ಮುಂದೆ ನಾನೂ ನಿಂತಿದ್ದೇನೆ, ಸಿಗಲಿಲ್ಲ ಎಂದು ಪತ್ರಿಕೆಯಲ್ಲಿ ಕೂಗಾಡಿದ್ದೇನೆ. ಅದೇ ಕೈಯಲ್ಲಿ ಸೀರೆ ಉಡತಕ್ಕದ್ದು ಎಂದು ಬರೆಯುವಾಗ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಸೀರೆ ಇಲ್ಲ ಎಂದ ಮಳವಳ್ಳಿಯ ಹುಡುಗಿಯರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ನಾಚಿಕೆಯಾಯಿತು. ಆ ಮನೆಯಲ್ಲಿ ಆವತ್ತು ನಾಚಿಕೆಪಡಬೇಕಾದವನು ಚಾಪೆಯ ಮೇಲೆ ಕೂತಿದ್ದ.

ನಿಂಗಿಯನ್ನು ಕೇಳಿದೆ, “ಹರಿದರೆ ಹರೀಲಿ ಅಂತ ಓಡಬಾರದಿತ್ತೇನಮ್ಮ? ಬೆಂಗಳೂರು ಬೇಡವಾಗಿತ್ತಾ?”

“ಬೇಕಾಗಿತ್ತು ಸಾ,” ಅಂದಳು. “ಸೀರೆನೂ ಬೇಕಾಗಿತ್ತು. ಇನ್ನೆಲ್ಡ್ ಎಜ್ಜೆ ಓಡಿದ್ರೆ ಮೇಲ್ಗಂಟ ಅರ್ದೋಗದು. ಅವ್ವ ಸಂತೆಗೂ ಓಗಂಗಿರ್ನಿಲ್ಲ.”

ಹೆದರಿದಳು ಎಂದಿದ್ದೆನಲ್ಲ ನಾನು!

ಮಗಳನ್ನು ಬೆಂಗಳೂರಿಗೆ ಕಳಿಸಲು ತಾಯಿ ಬಾಗಿಲ ಹಿಂದಿನಿಂದಲೇ ಒಪ್ಪಿದಳು. ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ನಾಲೆ ನೀರು ಬಂದ ಗದ್ದೆಗಳಲ್ಲಿ ಸಾಲು ಹೆಂಗಸರು ನಾಟಿ ಹಾಕುತ್ತಿದ್ದರು. ಎಲ್ಲರದೂ ಮಂಡಿಗೆ ಎತ್ತಿ ಕಟ್ಟಿದ ಸೀರೆ. ಗದ್ದೆ ಬದುವಿನ ಮೇಲೆ ಗಂಡಸರು ಕೊಡೆ ಹಿಡಿದು ನಿಂತಿದ್ದರು. ನಮ್ಮ ಕಮಿಟಿಯ ಮೂವರಿಗೆ ಗದ್ದೆ ಇದೆ. ಪಾದ ಮುಚ್ಚಿಕೊಂಡು ನಾಟಿ ಹಾಕಿ ಎಂದು ಅವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಕೆಸರಿನಲ್ಲಿ ನಮ್ಮ ಅನ್ನಕ್ಕೆ ದುಡಿಯುವಾಗ ಮಂಡಿ ಕಂಡರೆ ತಪ್ಪಿಲ್ಲ. ಅದೇ ಮಂಡಿ ಒಣನೆಲದಲ್ಲಿ ತನ್ನ ಅನ್ನಕ್ಕಾಗಿ ಓಡಿದರೆ ದೇಶ ಮುಳುಗಿ ಹೋಗುತ್ತದೆ! ಇದ್ಯಾವ ಊರ ನ್ಯಾಯ?

ಸೀರೆ ಬೇಡ ಎಂದು ನಾನು ಹೇಳುತ್ತಿಲ್ಲ. (ಹಾಗಂದನೆಂದು ನಾಳೆ ನಾಲ್ಕು ಜನ ಕಾಗದ ಬರೆಯುತ್ತೀರಿ, ಬಲ್ಲೆ.) ಸೀರೆಯಲ್ಲಿ ಓಡುತ್ತೇನೆ ಎನ್ನುವವಳು ಸೀರೆ ಉಡಲಿ. ಕಚ್ಚೆ ಹಾಕುವವಳು ಹಾಕಲಿ. ಲಂಗವೋ ಷರಾಯಿಯೋ, ಓಡುವವಳ ಕಾಲು, ಅವಳ ಇಷ್ಟ. ಸ್ವರಾಜ್ಯ ಇನ್ನೇನು ಬಂತು ಎನ್ನುತ್ತಿದ್ದೇವೆ. ಬರಲಿ, ಸಂತೋಷ. ನೂರು ಗಜದ ಮಟ್ಟಿಗಾದರೂ ಈ ಹುಡುಗಿಯರಿಗೆ ಸ್ವಲ್ಪ ಮೊದಲೇ ಬಂದರೆ ನಮ್ಮ ಗಂಟೇನು ಹೋಗುತ್ತದೆ?

ಶುಕ್ರವಾರ ಸಂಜೆ ವಕೀಲರ ಮನೆಯ ಹಜಾರದಲ್ಲಿ ಇಷ್ಟನ್ನೂ ಹೇಳಿದೆ. ಹಳೆಯ ನಿಯಮ ಹೊಡೆದುಹಾಕಿ ಎಂದೆ. ಇನ್ನೊಂದು ಸಲ ಓಡಿಸಿ, ಏಳು ಜನರನ್ನೂ ಕರೆಯಿರಿ ಎಂದೆ. ಸೋಮವಾರದೊಳಗೆ ಹೆಸರು ಹೋಗಬೇಕು, ಅಷ್ಟು ಟೈಮಿಲ್ಲ ಎಂದರು. ಹಾಗಾದರೆ ನಿಂಗಿಯನ್ನು ಕಳಿಸಿ ಎಂದೆ.

“ಸೆಕ್ರೆಟರಿಗಳೇ, ಆ ನಿಯಮ ಬರೆದವರು ನೀವೇ ಅಲ್ಲವೇ?” ಎಂದು ನಕ್ಕರು ವಕೀಲರು. ಕೋರ್ಟಿನಲ್ಲಿ ಸಾಕ್ಷಿಗೆ ಪಾಟೀಸವಾಲು ಹಾಕಿ ಅಭ್ಯಾಸ.

“ಹೌದು. ಬರೆದವನೇ ತಪ್ಪು ಎನ್ನುತ್ತಿದ್ದೇನೆ. ಅದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರಲಿ?”

ಕಾಫಿ ತಂದಿಟ್ಟ ಸರಸು ಒಳಗೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತಳು. ಮೆಲ್ಲಗೆ ಹೇಳಿದಳು, “ಅಪ್ಪಾ, ಅಮ್ಮ ಆವತ್ತು ನನ್ನ ಸೀರೆಗೆ ಒಂಬತ್ತು ಪಿನ್ನು ಚುಚ್ಚಿದ್ದಳು. ಒಳಗೆ ಅಣ್ಣನ ಪೈಜಾಮ ಹಾಕಿಕೊಂಡಿದ್ದೆ. ಆದರೂ ಅವಳು ನನಗಿಂತ ಮುಂದೆ ಇದ್ದಳು. ನಿಂತಿದ್ದಕ್ಕೆ ನಾನು ಗೆದ್ದೆ.”

ಟೆನಿಸ್ ನೋಡಿದವರು ಕಾಫಿ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ಪುಣ್ಯಾತ್ಮ ವಕೀಲರು ಮಗಳನ್ನು ಗದರಲಿಲ್ಲ, ಅದೊಂದು ದೊಡ್ಡ ಮಾತು. ಬರುವ ವರ್ಷ ಅವರವರ ಅನುಕೂಲದ ಉಡುಪು ಎಂಬುದಕ್ಕೆ ಎಲ್ಲರೂ ಕೈ ಎತ್ತಿದರು. ವಕೀಲರೂ ಎತ್ತಿದರು. ಬಹಳ ಸಂತೋಷ. ಆದರೆ ಬರುವ ವರ್ಷದ ಹೊತ್ತಿಗೆ ಕೊಪ್ಪದ ಹುಡುಗಿ ಸೋದರಮಾವನ ಮನೆಯಲ್ಲಿ ಮುದ್ದೆ ತಿರುವುತ್ತಿರುತ್ತಾಳೆ.

ಅದಕ್ಕೇ ಅಲ್ಲೇ ಕೂತು ಬೆಂಗಳೂರಿಗೆ ಕಾಗದ ಬರೆದೆ. ನಿಂಗಿಯ ಹೆಸರು, ವಯಸ್ಸು, ಊರು, ಎಲ್ಲ ಬರೆದು ಅಧ್ಯಕ್ಷರ ಸಹಿಗೆ ಜಾಗ ಬಿಟ್ಟು ಮೇಜಿನ ಮೇಲಿಟ್ಟೆ. “ನೋಡೋಣ, ಯೋಚನೆ ಮಾಡ್ತೀನಿ,” ಎಂದರು. ನಾನು ಇದನ್ನು ಪ್ರೆಸ್ಸಿಗೆ ಕೊಡುವವರೆಗೂ ಯೋಚನೆ ಮುಗಿದಿರಲಿಲ್ಲ. ಅವರು ಕೆಟ್ಟವರಲ್ಲ. ಪ್ರತಿ ಭಾನುವಾರ ಈ ಅಂಕಣ ಓದುತ್ತಾರೆ, ಅದೂ ನನಗೆ ಗೊತ್ತು. ಟಪಾಲು ಹೋಗುವುದು ನಾಳೆ ಮಧ್ಯಾಹ್ನ.

ವಕೀಲರೇ, ಸಹಿ ಹಾಕಲು ತಮಗೆ ಯಾವ ಉಡುಪು ಬೇಕು?