ಹಂಡೆಯೊಳಗಿನ ದರ್ಭೆ

ಎಲ್ಲಾದರೂ ತೆಂಗಿನ ಮಟ್ಟೆ ಉರಿಯುವ ವಾಸನೆ ಬಂದರೆ ಈಗಲೂ ನನಗೆ ಚಾಮುಂಡಿಪುರಂನ ನಮ್ಮ ಬಚ್ಚಲುಮನೆ ನೆನಪಾಗುತ್ತದೆ. ಹೊಗೆ ಹಿಡಿದ ಗೋಡೆ, ಒಲೆಗೆ ಕೂರಿಸಿದ ತಾಮ್ರದ ಹಂಡೆ, ಅದರ ಕಂಠದಲ್ಲಿ ಮಾತ್ರ ಹುಣಸೆಹಣ್ಣು ತಿಕ್ಕಿ ಹೊಳೆಯುತ್ತಿದ್ದ ಒಂದು ಪಟ್ಟಿ. ಆ ಮನೆ ಈಗಿಲ್ಲ, ಅಲ್ಲಿ ಫ್ಲ್ಯಾಟುಗಳೆದ್ದಿವೆ. ನೀವೂ ಹಂಡೆಯ ಮನೆಯಲ್ಲಿ ಬೆಳೆದವರಾದರೆ ನಿಮಗೆ ಗೊತ್ತಿರುತ್ತದೆ, ನೀರು ಕಾಯುವವರೆಗೂ ಅಂಥ ಮನೆಗಳಲ್ಲಿ ಬೆಳಗಾಗುತ್ತಿರಲಿಲ್ಲ. ನಮ್ಮಲ್ಲಂತೂ ಸ್ನಾನವಾಗದೆ ಯಾರೂ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಸಂಜೆ ಅಪ್ಪನ ಸ್ನಾನಕ್ಕೆಂದು ಕಾಯಿಸಿದ ನೀರು ಕೆಂಡದ ಬಿಸಿಗೆ ಬೆಳಗಿನವರೆಗೂ ಉಗುರುಬೆಚ್ಚಗೆ ಇರುತ್ತಿತ್ತು. ಅದನ್ನು ಅಜ್ಜಿ ಮುಟ್ಟಗೊಡುತ್ತಿರಲಿಲ್ಲ. ಅದು ತಂಗಳು ನೀರು, ಮಡಿಗೆ ಬಾರದು. ಬೆಳಿಗ್ಗೆ ಎದ್ದವರು ಅಷ್ಟನ್ನೂ ಮೊಗೆದು ಹಿತ್ತಲಿನ ದಾಸವಾಳಕ್ಕೆ ಸುರಿದು, ಕೊರೆಯುವ ನಲ್ಲಿ ನೀರನ್ನು ಹೊಸದಾಗಿ ತುಂಬಿ ಒಲೆ ಹೊತ್ತಿಸಬೇಕು.

ಆ ಕೆಲಸ ಲಲಿತತ್ತೆಯದು. ಅಪ್ಪನ ತಂಗಿ. ಗಂಡನ ಮನೆಯಿಂದ ಒಂದು ಟ್ರಂಕಿನೊಡನೆ ಹಿಂದಿರುಗಿ ಬಂದವಳು, ಮತ್ತೆ ಅಲ್ಲಿಗೆ ಹೋಗಲಿಲ್ಲ. ಬಂದ ವರ್ಷವೇ ಮಂಡಕಳ್ಳಿಯ ಕಡೆ ಒಂದು ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿತು. ಆ ದಿಕ್ಕಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅಡುಗೆ ಮುಗಿಸಿ ಹೋಗುವುದಾದರೆ ಹೋಗಲಿ ಎಂದು ಅಜ್ಜಿ ಒಪ್ಪಿದ್ದರು. ಧನುರ್ಮಾಸದ ಚಳಿ, ನೀರು ಕಾಯಬೇಕು, ಅತ್ತೆಯ ಸ್ನಾನವಾಗಬೇಕು, ಆಮೇಲೆ ಅನ್ನ, ಹುಳಿ. ಮೊದಲ ವಾರವೇ ಬಸ್ಸು ತಪ್ಪಿತು. ಎರಡನೆಯ ಸಲ ತಪ್ಪಿದಾಗ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರಂತೆ ಹೆಡ್‌ಮಾಸ್ಟರು. ಅತ್ತೆ ಅಳಲಿಲ್ಲ. ಸೀರೆಯ ನೆರಿಗೆಗೆ ಹಾಕಿದ್ದ ಪಿನ್ನು ತೆಗೆಯುತ್ತ ಹೇಳಿದಳು, “ಅಮ್ಮ, ಆ ಬೆಚ್ಚಗಿನ ನೀರು ಚೆಲ್ಲೋದು ಬೇಡ. ಅದಕ್ಕೇ ಉರಿ ಹಾಕಿದ್ರೆ ಬೇಗ ಕಾಯತ್ತೆ.”

“ನಿನಗೇನು ಗೊತ್ತು? ತಣ್ಣೀರೇ ಬೇಗ ಕಾಯೋದು. ತಣ್ಣಗಿರೋದಕ್ಕೆ ಬೆಂಕಿ ಕಂಡ್ರೆ ಆಸೆ ಜಾಸ್ತಿ ಕಣೇ. ಬೆಚ್ಚಗಿರೋದಕ್ಕೆ ಏನು ಅವಸರ?”

“ಹಾಗಾದ್ರೆ ನೋಡೇಬುಡೋಣ.”

ಭಾನುವಾರ ಗ್ಯಾಸಿನ ಎರಡು ಒಲೆಗಳ ಮೇಲೆ ಎರಡು ಒಂದೇ ಅಳತೆಯ ಚೊಂಬುಗಳು ಕೂತವು, ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಹಂಡೆಯದು. ಅಜ್ಜಿ ನನ್ನನ್ನೇ ತೀರ್ಪಿಗೆ ಕೂರಿಸಿದರು. “ಕಾನ್ವೆಂಟು ಹುಡುಗಿ, ಸುಳ್ಳು ಹೇಳಿದ್ರೆ ಸಿಸ್ಟರು ಕೈ ಮೇಲೆ ಬಾರಿಸ್ತಾರೆ.” ನಾನು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಕೂತೆ. ಮೊದಲು ಹಂಡೆಯ ನೀರಿನ ತಳದಲ್ಲಿ ಸಾಸಿವೆಯಂಥ ಗುಳ್ಳೆಗಳು ಕಂಡವು, ಆಮೇಲೆ ಸಣ್ಣಗೆ ಸದ್ದು ಶುರುವಾಯಿತು, ನೋಡುತ್ತಿದ್ದಂತೆ ಅದು ಮಗುಚಿ ಮಗುಚಿ ಕುದಿಯತೊಡಗಿತು. ತಣ್ಣೀರಿನ ಚೊಂಬಿನಲ್ಲಿ ಆಗ ಇನ್ನೂ ಬರೀ ಗುಳ್ಳೆ. ಅಜ್ಜಿ ಬಗ್ಗಿ ಎರಡನ್ನೂ ನೋಡಿದರು.

“ತಣ್ಣೀರು ಓಡಿಕೊಂಡೇ ಬರತ್ತಮ್ಮ, ಇಲ್ಲ ಅನ್ನಲ್ಲ,” ಎಂದಳು ಅತ್ತೆ ಮೆಲ್ಲಗೆ. “ಆದ್ರೆ ಈ ಬೆಚ್ಚಗಿನದು ಹೊರಟ ಜಾಗಕ್ಕೇ ಅದು ಮೊದಲು ಬರಬೇಕಲ್ಲ.”

“ಕುದಿದ್ರೆ ಕುದೀಲಿ. ಮಡಿ ಆಗಲ್ಲ,” ಎಂದು ಅಜ್ಜಿ ಎದ್ದು ಹೋದರು. ಆ ಸಂಜೆ ಅತ್ತೆ ಶಾಲೆಗೆ ಉಡಲೆಂದು ಟ್ರಂಕಿನಿಂದ ತೆಗೆದಿದ್ದ ಒಳ್ಳೆಯ ಸೀರೆಗಳನ್ನು ಮತ್ತೆ ಮಡಿಸಿ ಒಳಗಿಟ್ಟಳು. ನನಗೆ ಕಂಡದ್ದು ಅಜ್ಜಿಗೂ ಕಂಡಿರಬೇಕು.

ಸೋಮವಾರ ಬೆಳಿಗ್ಗೆ ಅತ್ತೆ ನೀರು ಮೊಗೆಯಲು ಹೋದರೆ ಹಂಡೆ ಕಂಠದವರೆಗೂ ತುಂಬಿತ್ತು, ಬೆಚ್ಚಗಿತ್ತು. ನೀರಿನ ಮೇಲೆ ಒಂದು ಎಳೆ ದರ್ಭೆ ತೇಲುತ್ತಿತ್ತು. ಗ್ರಹಣದ ದಿನ ನೀರಿಗೆ, ಉಪ್ಪಿನಕಾಯಿಗೆ ಮೈಲಿಗೆ ತಟ್ಟದಿರಲೆಂದು ಹಾಕುತ್ತಾರಲ್ಲ, ಅದೇ ದರ್ಭೆ. ಅಜ್ಜಿ ಹಾಸಿಗೆಯಿಂದಲೇ ಕೂಗಿ ಹೇಳಿದರು, “ದರ್ಭೆ ಇದ್ಮೇಲೆ ತಂಗಳಾಗಲ್ಲ. ಸುಮ್ನೆ ನಿಂತ್ಕೋಬೇಡ, ಒಲೆ ಹೊತ್ತಿಸು. ಬಸ್ಸು ಬಂದ್ಬುಡತ್ತೆ.”

ಅತ್ತೆಗೆ ಆ ಬಸ್ಸು ಸಿಕ್ಕಿತು. ನಿವೃತ್ತಿಯಾಗುವವರೆಗೂ ಅವಳು ಟೀಚರಾಗಿಯೇ ಇದ್ದಳು. ಅಜ್ಜಿ ಹೋದ ಮೇಲೂ, ಮಡಿಯೆಂದರೆ ನಗುತ್ತಿದ್ದ ಅವಳೇ ಸಂಜೆ ಹಂಡೆ ತುಂಬಿಸಿ ಒಂದೆಳೆ ದರ್ಭೆ ಹಾಕುತ್ತಿದ್ದಳು. ಯಾಕತ್ತೆ ಎಂದು ಕೇಳಿದರೆ, “ಹಾಕ್ದೇ ಇದ್ರೆ ಅಮ್ಮ ಬೈತಾಳೆ ಕಣೇ,” ಎನ್ನುತ್ತಿದ್ದಳು. ಹೋದ ವರ್ಷ ಅವಳೂ ಹೋದಳು.

ವಿಜಯನಗರದ ನಮ್ಮ ಮನೆಯಲ್ಲಿ ಗೀಸರಿದೆ, ಕಾಫಿಯ ನೀರಿಗೆ ಕರೆಂಟಿನ ಕೆಟಲಿದೆ. ಮೊನ್ನೆ ಬೆಳಿಗ್ಗೆ ನಾನು ಡಿಕಾಕ್ಷನ್ನಿಗೆ ಬಳಸಿ ಕೆಟಲಿನಲ್ಲೇ ಉಳಿಸಿದ್ದ ನೀರನ್ನು ನನ್ನ ಮಗಳು, “ಹಳೇ ನೀರಮ್ಮ,” ಎಂದು ಸಿಂಕಿಗೆ ಸುರಿಯಹೋದಳು. ನಾನು ಅವಳ ಕೈ ಹಿಡಿದೆ. ಕೆಟಲಿನ ಮೈ ಮುಟ್ಟಿ ನೋಡಿದೆ.

“ಇರಲಿ ಬಿಡು, ಇನ್ನೂ ಬೆಚ್ಚಗಿದೆ,” ಎಂದೆ.