ಎಲ್ಮರನ ಬ್ರೇಕು, ಶುಕ್ರವಾರದ ಮೀನು

ಎಲ್ಮರ್ ಹಲುಸ್ಕನಿಗೆ ಎಪ್ಪತ್ತು ದಾಟಿತ್ತು, ಅವನ ಬ್ಯುಯಿಕ್ ಕಾರಿಗೆ ಮೂವತ್ತು. ಇಬ್ಬರಲ್ಲಿ ಯಾರ ಕೀಲು ಹೆಚ್ಚು ಕಿರುಗುಟ್ಟುತ್ತದೆ ಎಂದು ಬೀದಿಯವರು ಚರ್ಚೆ ಮಾಡುವುದುಂಟು. ಈರಿ ಸರೋವರದ ದಂಡೆಯ ಆ ಊರಿನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಹಿಮವನ್ನೂ ಕರಗಿಸುತ್ತದೆ, ಕಾರಿನ ಹೊಟ್ಟೆಯನ್ನೂ ತಿನ್ನುತ್ತದೆ. ವಾರಿಗೆಯವರೆಲ್ಲ ಹೊಸ ಗಾಡಿ ಕೊಂಡರು, ಎಲ್ಮರ್ ಜಗ್ಗಲಿಲ್ಲ. ಹರೆಯದಿಂದ ಮುಪ್ಪಿನವರೆಗೆ ಬೇಕರಿಯ ಬ್ರೆಡ್ ವ್ಯಾನ್ ಓಡಿಸಿದವನು ಅವನು. ತನ್ನ ಗಾಡಿಯ ನಟ್ಟಿಗೆ ಇನ್ನೊಬ್ಬನ ಕೈ ಸೋಕಿದರೂ ಸಹಿಸುತ್ತಿರಲಿಲ್ಲ.

ಅಂಥವನ ಮಾನ ಒಂದು ಶುಕ್ರವಾರ ನಡುಬೀದಿಯಲ್ಲಿ ಹೋಯಿತು. ಈಸ್ಟರಿಗೆ ಮುಂಚಿನ ವಾರಗಳಲ್ಲಿ ಶುಕ್ರವಾರ ಯಾರೂ ಮಾಂಸ ಮುಟ್ಟುವುದಿಲ್ಲ, ಮೀನಿಗೆ ಅಡ್ಡಿಯಿಲ್ಲ. ಊರಿಗೆ ಊರೇ ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನಿಗೆ ಸಾಲು ನಿಲ್ಲುತ್ತದೆ. ಎದುರು ಮನೆಯ ವರ್ನಾ ಪಾಲ್ಕೊಳನ್ನು ಆ ಊಟಕ್ಕೆ ಕರೆಯಲು ಎಲ್ಮರ್ ಎರಡು ಚಳಿಗಾಲ ಧೈರ್ಯ ಕೂಡಿಸಿದ್ದ. ಅವನು ಹೆಂಡತಿ ರೋಸಿಯನ್ನು ಕಳೆದುಕೊಂಡವನು, ಅವಳು ಗಂಡ ಸ್ಟ್ಯಾನ್‌ನನ್ನು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಠೀವಿಯಿಂದ ಹೋಗಿ ಚರ್ಚಿನ ಮುಂದೆ ಬ್ರೇಕ್ ಒತ್ತಿದರೆ, ಕಾರು ಬಲಕ್ಕೆ ಎಳೆದು ಮೀನಿನ ಊಟದ ಬೋರ್ಡನ್ನು ಅಡ್ಡ ಮಲಗಿಸಿತು.

"ನಾನು ಬಂದಿದ್ದು ಮೀನಿಗೆ, ಬೋರ್ಡಿಗಲ್ಲ," ಎಂದಳು ವರ್ನಾ, ಮಡಿಲಿನಿಂದ ಜಾರಿದ ಚೀಲ ಎತ್ತಿಕೊಳ್ಳುತ್ತ. "ಮುಂದಿನ ಶುಕ್ರವಾರದೊಳಗೆ ಇದು ನೆಟ್ಟಗೆ ನಿಲ್ಲೋದು ಕಲಿತ್ರೆ ಬರ್ತೀನಿ. ಇಲ್ದಿದ್ರೆ ಕ್ಲೆಮ್ ಕರೆದಿದಾನೆ, ಅವನ ಪಿಕಪ್ಪಲ್ಲಿ ಹೋಗ್ತೀನಿ."

ಕ್ಲೆಮ್ ಯೂರಿಕ್ ಪಕ್ಕದ ಬೀದಿಯ ಒಂಟಿ ಗಂಡಸು. ಅವನ ಹೊಸ ಪಿಕಪ್ಪಿನಲ್ಲಿ ಗುಂಡಿ ಒತ್ತಿದರೆ ಸೀಟು ಬೆಚ್ಚಗಾಗುತ್ತದೆ. ಎಲ್ಮರನಿಗೆ ವಾರವಿಡೀ ನಿದ್ದೆಯಲ್ಲೂ ಆ ಬೆಚ್ಚನೆಯ ಸೀಟೇ ಕಾಣುತ್ತಿತ್ತು.

ಚಕ್ರ ಬಿಚ್ಚಿ ನೋಡಿದ. ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ನಿಲ್ಲಿಸಬೇಕಾದ ಕ್ಯಾಲಿಪರು ಎಡಗಡೆ ತುಕ್ಕು ಹಿಡಿದು ಮಿಸುಕದೆ ಕೂತಿತ್ತು, ಬಲಗಡೆಯದಕ್ಕೂ ತುಕ್ಕು ಹತ್ತಿತ್ತು. ಬಿಡಿಭಾಗದ ಅಂಗಡಿಯ ರೂಡಿ ಎರಡು ಪೆಟ್ಟಿಗೆ ತಂದು ಕೌಂಟರಿನ ಮೇಲಿಟ್ಟ, ಒಂದು ಎಡ ಚಕ್ರಕ್ಕೆ, ಒಂದು ಬಲಕ್ಕೆ.

"ಈ ಕಾರಿಗೆ ಹೊಸದು ಸಿಗಲ್ಲ ಯಜಮಾನ್ರೇ, ಇದು ರೀಕಂಡೀಷನ್. ಯಾರದೋ ಹಳೇದನ್ನ ಬಿಚ್ಚಿ, ತುಕ್ಕು ಉಜ್ಜಿ, ಒಳಗೆ ಹೊಸ ರಬ್ಬರು, ಹೊಸ ಪಿಸ್ಟನ್ ಹಾಕಿರ್ತಾರೆ. ನಿಮ್ಮ ಹಳೇದನ್ನ ತಂದುಕೊಟ್ಟು, ಈಗ ಕಟ್ಟೋ ಠೇವಣಿ ವಾಪಸ್ ತಗೊಳ್ಳಿ. ಅದೂ ಹೀಗೇ ಇನ್ನೊಬ್ಬರಿಗೆ ಹೋಗತ್ತೆ."

"ಯಾವನೋ ತುಳಿದು ತುಳಿದು ಬಿಸಾಕಿದ್ದು ನನ್ನ ಗಾಡಿಗಾ?"

"ನಿಮ್ಮದು ತಗೊಳ್ಳೋನೂ ಹೀಗೇ ಅಂತಾನೆ ಬಿಡಿ."

ಎಲ್ಮರನಿಗೆ ಸಮಾಧಾನವಾಗಲಿಲ್ಲ. ಎರಡನ್ನೂ ಪೆಟ್ಟಿಗೆಯಿಂದ ತೆಗೆದ, ಕಿಟಕಿಯ ಬೆಳಕಿಗೆ ಹಿಡಿದ, ತೂಗಿ ನೋಡಿದ, ಮೂಸಿಯೂ ನೋಡಿದ. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದಾಗ ಗಡಿಬಿಡಿಯಲ್ಲಿ ತಾನೇ ಮತ್ತೆ ತುಂಬಿದ. ಯಾವುದು ಯಾವ ಪೆಟ್ಟಿಗೆಯದು ಎಂದು ನೋಡಲು ಅವನಿಗೆ ವ್ಯವಧಾನವಿರಲಿಲ್ಲ.

ವರ್ನಾ ಹೇಳಿದ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ಕೂರಿಸಿದ. ಇನ್ನು ಬ್ರೇಕಿನ ಎಣ್ಣೆಯೊಳಗೆ ಸೇರಿದ ಗಾಳಿ ತೆಗೆಯಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿ ಗಾಳಿಯ ಸ್ಕ್ರೂ ಸಡಿಲಿಸಿ ಗುಳ್ಳೆಗಳನ್ನು ಹೊರಬಿಡಬೇಕು. ಆ ಬೀದಿಯಲ್ಲಿ ಒಳಗೆ ಕೂರುವ ಕೆಲಸ ಹೆಂಡತಿಯರದು. ಮದುವೆಯಾದ ವರ್ಷವೇ ಕಲಿತು, ಬೈಸಿಕೊಳ್ಳುತ್ತ, ಎರಡರಷ್ಟು ಬೈಯುತ್ತ ಪಳಗಿದವರು ಅವರು. ಎಲ್ಮರನಿಗೆ ಪೆಡಲ್ ಒತ್ತುತ್ತಿದ್ದವಳು ರೋಸಿ. ಸಮಾಧಿಗೆ ಹೂವಿಟ್ಟಾಗಲೂ ಅಷ್ಟು ನೆನಪಾಗದ ರೋಸಿ, ಆ ಖಾಲಿ ಸೀಟು ನೋಡಿದಾಗ ನೆನಪಾದಳು.

ಕೊನೆಗೆ ಪೊರಕೆಯ ಕೋಲನ್ನು ಪೆಡಲಿಗೂ ಸೀಟಿಗೂ ನಡುವೆ ಬಿಗಿದ. ಅದು ಚಿಮ್ಮಿ ಹಾರನ್ನಿಗೆ ಬಡಿಯಿತು. ಹಾರನ್ ಕೇಳಿ ವರ್ನಾ ಕೋಟು ಹೊದ್ದು ರಸ್ತೆ ದಾಟಿ ಬಂದಳು.

"ಯಾರನ್ನ ಕರೀತಿದೀಯ?"

"ಯಾರನ್ನೂ ಇಲ್ಲ."

"ಆ ಪೊರಕೇನ ಕೆಳಗಿಳಿಸು. ನಾನು ಕೂರ್ತೀನಿ."

"ಒತ್ತು," ಎಂದ ಎಲ್ಮರ್ ಚಕ್ರದ ಬಳಿ ಮಲಗಿಕೊಂಡು.

"ಒತ್ತಿದೆ."

"ಹಿಡಿ."

"ಹಿಡಿದಿದೀನಿ."

"ಬಿಡು."

ಎಷ್ಟು ಸಲ ಮಾಡಿದರೂ ಗಾಳಿ ಪೂರ್ತಿ ಹೋಗಲಿಲ್ಲ, ಪೆಡಲು ಹಾಲಿನಲ್ಲಿ ನೆನೆದ ಬ್ರೆಡ್ಡಿನಂತೆ ಕುಸಿಯುತ್ತಲೇ ಇತ್ತು.

"ಗಟ್ಟಿಯಾಗಿ ಒತ್ತೋಕೇನು?"

"ಇನ್ನೂ ಒತ್ತಿದ್ರೆ ನನ್ನ ಕಾಲು ನಿನ್ನ ಗ್ಯಾರೇಜಿನ ನೆಲಕ್ಕೆ ತಾಗತ್ತೆ."

"ಬಿಡಬೇಡ, ಬಿಡಬೇಡ ರೋಸಿ, ಹಿಡಿ."

ಹೆಸರು ಬಾಯಿಂದ ಜಾರಿಯೇ ಹೋಯಿತು. ಎಲ್ಮರ್ ಸ್ಪ್ಯಾನರ್ ಹಿಡಿದಂತೆಯೇ ಕಲ್ಲಾದ. ಮುಗಿಯಿತು, ಬೆಚ್ಚನೆಯ ಸೀಟೇ ಗೆದ್ದಿತು ಅಂದುಕೊಂಡ.

"ಹಿಡಿದಿದೀನಿ," ಎಂದಳು ವರ್ನಾ.

ಆಮೇಲೆ ಅವಳೇ ಇಳಿದು ಬಂದು ಚಕ್ರದ ಹತ್ತಿರ ಬಗ್ಗಿದಳು. "ಅಲ್ಲಾ, ಈ ಸ್ಕ್ರೂ ಯಾಕೆ ಕೆಳಗಡೆ ಇದೆ? ಚಳಿ ಶುರುವಾದಾಗ ನಮ್ಮನೆ ಬೆಚ್ಚಗಿಡೋ ಬಿಸಿನೀರಿನ ಪೈಪಿಂದ ನಾನೂ ಗಾಳಿ ತೆಗೀತೀನಿ. ಸ್ಕ್ರೂ ಇರೋದು ಮೇಲ್ಗಡೆ. ಗಾಳಿ ಎಲ್ಲಾದ್ರೂ ಕೆಳಗಿಳಿದು ಬರತ್ತಾ?"

ಎಲ್ಮರ್ ನೋಡಿದ. ಎಡದ್ದು ಬಲಕ್ಕೆ ಕೂತಿತ್ತು, ಬಲದ್ದು ಎಡಕ್ಕೆ. ಸ್ಕ್ರೂಗಳೆರಡೂ ತಲೆಕೆಳಗಾಗಿ ಅವನನ್ನೇ ಅಣಕಿಸುವಂತಿದ್ದವು.

"ಆ ರೂಡಿ ಪೆಟ್ಟಿಗೇಲಿ ಅದಲುಬದಲು..."

"ಅಂಗಡೀಲಿ ಬಿಚ್ಚಿ ಮೂಸಿ ನೋಡಿದ್ದು ಯಾರು? ಊರಿಗೆಲ್ಲ ಗೊತ್ತಾಗಿದೆ."

"ನಾನೇ," ಎಂದ ಎಲ್ಮರ್, ಕಿವಿ ಕೆಂಪಾಗಿ.

ಬಿಚ್ಚಿ ಬದಲಾಯಿಸುವಷ್ಟರಲ್ಲಿ ಬೀದಿದೀಪ ಹತ್ತಿತು. ಮತ್ತೆ ಒತ್ತು, ಹಿಡಿ, ಬಿಡು. ಗುಳ್ಳೆ ಕಡಿಮೆಯಾಗತೊಡಗಿದಾಗಲೇ ಕ್ಲೆಮ್‌ನ ಪಿಕಪ್ ಬಂದು ಗ್ಯಾರೇಜಿನ ಮುಂದೆ ನಿಂತಿತು. ಗಾಜು ಇಳಿಯಿತು.

"ವರ್ನಾ, ಬಾ ಬಾ, ಮೀನು ಆರಿಹೋಗತ್ತೆ. ಸೀಟು ಆಗಲೇ ಬೆಚ್ಚಗೆ ಮಾಡಿಟ್ಟಿದೀನಿ."

ಸ್ಕ್ರೂ ತೆರೆದೇ ಇತ್ತು. ಎಲ್ಮರ್ ಉಸಿರು ಬಿಗಿಹಿಡಿದು ಕಾದ.

"ನನ್ನ ಕಾಲು ಪೆಡಲ್ ಮೇಲಿದೆ ಕ್ಲೆಮ್," ಎಂದಳು ವರ್ನಾ. "ಈಗ ಎತ್ತಿದ್ರೆ ಮತ್ತೆ ಗಾಳಿ ಒಳಗೆ ಹೋಗತ್ತೆ. ನೀನು ಹೋಗಿರು."

ಕೆಲಸ ಮುಗಿಸಿ ಇಬ್ಬರೂ ಬ್ಯುಯಿಕ್ಕಿನಲ್ಲೇ ಹೊರಟರು. ಚರ್ಚಿನ ತಿರುವಿನಲ್ಲಿ ಕೆಂಪು ದೀಪ ಬಿತ್ತು. ಎಲ್ಮರ್ ಹೆದರಿ ಹೆದರಿ ಬ್ರೇಕ್ ಒತ್ತಿದ. ಕಾರು ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ, ಮಾತು ಕೇಳುವ ಎತ್ತಿನಂತೆ ನೆಟ್ಟಗೆ ನಿಂತಿತು. ಮೀನಿನ ಬೋರ್ಡು ಈ ಸಲ ಬಚಾವಾಯಿತು.

"ಹೆಸರು ತಪ್ಪಿ ಬಂತು, ವರ್ನಾ. ಬೇಜಾರ್ ಮಾಡ್ಕೋಬೇಡ."

"ಮೂವತ್ತು ವರ್ಷ ನಮ್ಮ ಸ್ಟ್ಯಾನ್‌ಗೆ ಪೆಡಲ್ ಒತ್ತಿದೀನಿ. ಈ ಕಾಲೇನು ಹೊಸದು ಅಂದ್ಕೊಂಡ್ಯಾ? ನೀನು ಬೈದಾಗ ನಂಗೂ ಅವನ ಹೆಸರೇ ಬಾಯಿಗೆ ಬಂದಿತ್ತು. ನಾಲಿಗೆ ಕಚ್ಕೊಂಡೆ, ಅಷ್ಟೇ."

ಎಲ್ಮರನಿಗೆ ಕಣ್ಣು ಮಂಜಾಯಿತು. ಹಸಿರು ದೀಪ ಬಂದದ್ದು ಅವನಿಗೆ ಕಾಣಲಿಲ್ಲ, ಹಿಂದಿನವನು ಹಾರನ್ ಹೊಡೆದದ್ದೂ ಕೇಳಲಿಲ್ಲ. ಬ್ರೇಕಿನ ಮೇಲಿನ ಕಾಲು ಇನ್ನೂ ಒತ್ತಿಯೇ ಇತ್ತು.

ವರ್ನಾ ಅವನ ಮಂಡಿಯ ಮೇಲೆ ಮೆಲ್ಲಗೆ ತಟ್ಟಿದಳು.

"ಬಿಡು, ಎಲ್ಮರ್," ಎಂದಳು.