ಹುತುತು ಕಲಿಸಿದ ಮಾಸ್ತರು

ಲೆಕ್ಕ ತಪ್ಪಿದವನ ಮೂಗು ಹಿಡಿದು, ಸರಿ ಹೇಳಿದವನು ಕಪಾಳಕ್ಕೆ ಹೊಡೆಯಬೇಕು. ನಮ್ಮ ಕಾಲದ ಶಾಲೆಯ ಪದ್ಧತಿ ಇದು. ಬಸವಕಲ್ಯಾಣವನ್ನು ಆಗ ಬರೀ ಕಲ್ಯಾಣಿ ಅನ್ನುತ್ತಿದ್ದರು, ನಿಜಾಮನ ಕಾಲ. ಅಲ್ಲಿಯ ನಮ್ಮ ಡ್ರಿಲ್ ಮಾಸ್ತರು ಈ ಪದ್ಧತಿಯನ್ನು ಹುತುತು, ಅಂದರೆ ಕಬಡ್ಡಿ, ಆಡುವ ಅಂಗಳಕ್ಕೂ ತಂದರು. ಔಟಾದವನ ಕಪಾಳಕ್ಕೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಬಾರಿಸಬೇಕು. ಗೆಳೆಯನೆಂದು ಯಾರಾದರೂ ಮೆಲ್ಲಗೆ ಹೊಡೆದರೆ, "ಹಿಂಗಲ್ಲ ಮಗನ, ಹಿಂಗ" ಎಂದು ಹೊಡೆದವನ ಕಪಾಳದ ಮೇಲೇ ತೋರಿಸಿಕೊಡುತ್ತಿದ್ದರು. ಹುಡುಗರಿಗೆ ಹುರುಪು ಬರುವುದೇ ಹೀಗೆ ಎಂದು ಆ ಮನುಷ್ಯ ನಂಬಿದ್ದರು. ಬಡಿದರೆ ಎಮ್ಮೆ ಹೆಚ್ಚು ಹಾಲು ಕೊಡುತ್ತದೆ ಎಂದು ನಂಬುವವರೂ ಇರುತ್ತಾರೆ, ಏನು ಮಾಡುವುದು!

ನಾವು ಕಲಿತದ್ದು ಒಂದೇ, ಔಟಾಗದಿರುವುದು. ಉಸಿರು ಹಿಡಿದು ನುಗ್ಗಿದವನು ಗೆರೆ ದಾಟಿ ವಾಪಸು ಹೋದರೆ ಅವನನ್ನು ಮುಟ್ಟಿದವರೆಲ್ಲ ಔಟು. ಮುಟ್ಟದೆ ದೂರ ನಿಂತವನ ಕಪಾಳ ಕ್ಷೇಮ.

ಒಮ್ಮೆ ಹುಮನಾಬಾದಿನ ಹುಡುಗರ ಮೇಲೆ ಆಡಲು ಬಂಡಿ ಕಟ್ಟಿಕೊಂಡು ಹೋದೆವು. ಅವರಲ್ಲೊಬ್ಬ ಕೋಣದಂಥವನು ನುಗ್ಗಿದ. ನಾನು ಅವನ ಕಾಲು ತಬ್ಬಿ ಹಿಡಿದೆ. "ಬರ್ರಿಲೇ, ಹಿಡೀರಿ!" ಎಂದು ಕೂಗಿದೆ. ನಮ್ಮವರೆಲ್ಲ ನೋಡುತ್ತ ನಿಂತರು. ಅವನು ನನ್ನನ್ನು ದರದರ ಎಳೆದುಕೊಂಡೇ ಗೆರೆ ದಾಟಿ, ನನ್ನ ಎಡಗೈ ಮೇಲೆ ಬಿದ್ದ. ಲಟಕ್ಕೆಂದಿತು. ನಮ್ಮ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮಾಸ್ತರರ ಮೇಲಿದೆ, ಅವರು ಸತ್ತ ಮೇಲೂ ಇದೆ.

ಆ ಊರಿನಲ್ಲಿ ಎಲುಬು ಕಟ್ಟುವ ಮುದುಕನೊಬ್ಬನಿದ್ದ. ಅವನನ್ನು ಕರೆಸಿದರು. ಮುಂಗೈ ಮುರಿದದ್ದು ಕಣ್ಣಿಗೇ ಕಾಣುತ್ತಿತ್ತು. ಅವನು ಒತ್ತುತ್ತ ಒತ್ತುತ್ತ ಮೊಣಕೈಗೆ ಬಂದು ಕೇಳಿದ, "ಇಲ್ಲಿ ನೋಯ್ತದೇನಪಾ?"

ಜೀವ ಹೋಗುವಷ್ಟು ನೋಯುತ್ತಿತ್ತು. ಆದರೆ ಮಾಸ್ತರು ಪಕ್ಕದಲ್ಲೇ ನಿಂತಿದ್ದರು.

"ಇಲ್ರಿ" ಎಂದೆ.

"ಖರೇ ಹೇಳು."

"ಖರೇನೇ ರೀ, ನೋಯಂಗಿಲ್ಲ."

"ಶಾಬಾಸ್!" ಎಂದರು ಮಾಸ್ತರು. "ನೋಡ್ರಿ, ಹ್ಯಾಂಗ ತಯಾರ್ ಮಾಡೀನಿ!"

ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನನಗೆ ಖುಷಿಯೂ ಆಯಿತು, ಥೂ!

ಮುದುಕ ಮುಂಗೈಗೆ ಮಾತ್ರ ಬಿದಿರಿನ ಪಟ್ಟಿ ಕಟ್ಟಿದ. ಅದನ್ನು ಬಿಚ್ಚುವ ಹೊತ್ತಿಗೆ ಮೊಣಕೈ ಮಡಚಿದ ಹಾಗೆಯೇ ಕೂತುಬಿಟ್ಟಿತ್ತು. ಎಷ್ಟು ಎಳೆದರೂ ನೆಟ್ಟಗಾಗಲಿಲ್ಲ. ಅಪ್ಪ ಹುಮನಾಬಾದಿಗೆ ಹೋಗಿ ಆ ಮುದುಕನ ಕೊರಳಪಟ್ಟಿ ಹಿಡಿದ. ಪಾಪ, ಅವನು ಹೇಳಿದ್ದು ಇಷ್ಟೇ: "ಯಜಮಾನ್ರ, ನಿಮ್ಮ ಹುಡುಗನ್ನ ನಾ ಎರಡು ಸಲ ಕೇಳೀನ್ರಿ."